ಫಕ್ಕೀರೇಶನ ಅಂಗಿಯ ಬಾಲ

ಹೊಳೆಯ ದಂಡೆಗೆ ಒಂದು ತಗಡಿನ ಶೆಡ್ಡಿತ್ತು. ಮುಂದೆ ಹುಲ್ಲಿನ ಉದ್ದನೆಯ ಬಯಲು. ಒಳಗೆ ಒಂದು ಮೈಕ್ರೋಲೈಟ್ ವಿಮಾನ.

ವಿಮಾನ ಅಂದ ಕೂಡಲೇ ದೊಡ್ಡದೇನೋ ಕಲ್ಪಿಸಿಕೊಳ್ಳಬೇಡಿ. ಮೂರು ಗಾಲಿ, ಒಂದರ ಹಿಂದೆ ಒಂದು ಎರಡು ಕುರ್ಚಿ, ನೆತ್ತಿಯ ಮೇಲೆ ಬಟ್ಟೆಯ ರೆಕ್ಕೆ, ಬೆನ್ನ ಹಿಂದೆ ಫ್ಯಾನು. ರೆಕ್ಕೆಯಿಂದ ಇಳಿಬಿದ್ದ ಒಂದು ಅಡ್ಡ ಸರಳು. ಸರಳನ್ನು ಎದೆಗೆಳೆದುಕೊಂಡರೆ ವಿಮಾನ ಮೂಗು ತಗ್ಗಿಸುತ್ತದೆ, ಮುಂದಕ್ಕೆ ತಳ್ಳಿದರೆ ಮೂಗು ಎತ್ತುತ್ತದೆ. ಇಷ್ಟೇ ವಿದ್ಯೆ. ಉಳಿದದ್ದೆಲ್ಲ ಧೈರ್ಯ ಎಂದು ಕಲಿತವರು ಹೇಳುತ್ತಾರೆ. ಉಳಿದದ್ದೆಲ್ಲ ಗಾಳಿ ಎಂದು ಕಲಿಸುವವರು ಹೇಳುತ್ತಾರೆ.

ಕಲಿಸುವವರು ದೇಚಮ್ಮ. ಕೊಡಗಿನವರು. ವಯಸ್ಸು ಅರವತ್ತು ದಾಟಿತ್ತೋ ಎಪ್ಪತ್ತೋ, ಕೇಳಿದವರು ಯಾರೂ ಬಂದು ಹೇಳಲು ಉಳಿದಿಲ್ಲ.

ಊರವರು ಆ ಶೆಡ್ಡಿಗೆ ಆಶ್ರಮ ಎನ್ನುತ್ತಿದ್ದರು. ಅಲ್ಲಿಗೆ ಹೋದವರೆಲ್ಲ ಮಾತು ಕಡಿಮೆ ಮಾಡಿಕೊಂಡು ಹಿಂದಿರುಗುತ್ತಿದ್ದರಂತೆ.

ಶಿಷ್ಯ ಮುಂದಿನ ಕುರ್ಚಿಯಲ್ಲಿ, ದೇಚಮ್ಮ ಹಿಂದಿನ ಕುರ್ಚಿಯಲ್ಲಿ. ಕಿವಿಗೆ ಹಾಕಿಕೊಂಡು ಮಾತಾಡುವ ಯಂತ್ರವೊಂದಿತ್ತು. ಅದು ಗೊರಗೊರ ಎನ್ನುತ್ತಿತ್ತು, ಅದನ್ನು ಅವರು ಗೂಟಕ್ಕೆ ನೇತುಹಾಕಿದ್ದರು.

"ಕಿವಿಗೆ ಹೇಳಿದರೆ ವಾದ ಮಾಡುತ್ತೀರಿ," ಎನ್ನುತ್ತಿದ್ದರು. "ಅಂಗಿಗೆ ಹೇಳಿದರೆ ಕೇಳುತ್ತೀರಿ."

ಹಾಗಾಗಿ ಅಲ್ಲಿಯ ಭಾಷೆಯೆಲ್ಲ ಅಂಗಿಯ ಬಾಲದ ಮೇಲೆ, ಅಂದರೆ ಬೆನ್ನ ಹಿಂದೆ ಇಳಿಬಿದ್ದ ತುದಿಯ ಮೇಲೆ. ಎಡಕ್ಕೆ ಜಗ್ಗಿದರೆ ಎಡಕ್ಕೆ ತಿರುಗು. ಬಲಕ್ಕೆ ಜಗ್ಗಿದರೆ ಬಲಕ್ಕೆ. ಎರಡು ಸಲ ಜಗ್ಗಿದರೆ, ಸರಳು ಬಿಡು, ವಿಮಾನ ಈಗ ನನ್ನ ಕೈಯಲ್ಲಿದೆ.

ಶಿಷ್ಯ ಒಬ್ಬನೇ ಹಾರಿ, ಒಬ್ಬನೇ ಇಳಿದ ದಿನ ದೇಚಮ್ಮ ಕತ್ತರಿ ತೆಗೆಯುತ್ತಿದ್ದರು. ಅಂಗಿಯ ಬಾಲ ಕಚಕ್ಕನೆ ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಇನ್ನು ಹಿಡಿದು ಜಗ್ಗುವ ಕೆಲಸವಿಲ್ಲ ಎಂದರ್ಥ.

ಗೋಡೆಯ ಮೇಲೆ ಗೆರೆಯ ಬಾಲ, ಹೂವಿನ ಬಾಲ, ಒಂದು ಚೂಡಿದಾರದ ತುದಿ, ಯಾರೋ ಪೊಲೀಸಿನವನ ಖಾಕಿ ಚೂರು ಎಲ್ಲ ಇದ್ದವು.

ಫಕ್ಕೀರೇಶನದು ಮಾತ್ರ ಇರಲಿಲ್ಲ.

ಫಕ್ಕೀರೇಶ ಊರಿನಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟವನು. ಅರ್ಧ ಊರಿಗೆ ಕಾರು ಕಲಿಸಿದ್ದ. ಇನ್ನರ್ಧ ಊರು ರಸ್ತೆ ದಾಟುವಾಗ ಅವನನ್ನು ನೆನೆಯುತ್ತಿತ್ತು. ಅವನಿಗಿಂತ ಎಷ್ಟೋ ಆಮೇಲೆ ಬಂದ ಬ್ಯಾಂಕಿನ ಹುಡುಗಿ ಹಾರಿದಳು, ಹಲ್ಲಿನ ಡಾಕ್ಟರು ಹಾರಿದರು. ಫಕ್ಕೀರೇಶ ಮಾತ್ರ ಪ್ರತಿ ಸಲ ಹೊಸ ಅಂಗಿ ತೊಟ್ಟು ಬಂದು, ಇಡೀ ಅಂಗಿಯೊಂದಿಗೆ ಮನೆಗೆ ಹೋಗುತ್ತಿದ್ದ.

"ಇವತ್ತೂ ಅಂಗಿ ಇಡೀನ ಬಂತೇನ್ರೀ?" ಎಂದು ಬಾಗಿಲಲ್ಲೇ ಹೆಂಡತಿ ಶಾಂಭವಿ ಕೇಳುತ್ತಿದ್ದಳು.

ಗಂಡ ಅಂಗಿ ಹರಿದುಕೊಂಡು ಬರಲಿ ಎಂದು ಹರಕೆ ಹೊತ್ತ ಹೆಂಡತಿ ಆ ಜಿಲ್ಲೆಯಲ್ಲಿ ಅವಳೊಬ್ಬಳೇ.

ಒಂದು ದಿನ ತಡೆಯಲಾರದೆ ಫಕ್ಕೀರೇಶ ಕೇಳಿಯೇ ಬಿಟ್ಟ.

"ಮೇಡಂ, ನನ್ನ ಒಬ್ಬನ್ನ ಯಾವಾಗ ಬಿಡ್ತೀರಿ?"

"ನೀನು ಒಬ್ಬನೇ ಬಂದ ದಿನ."

"ದಿನಾ ಒಬ್ಬನ ಬರ್ತೀನಲ್ರೀ! ಬೈಕ್ ಮ್ಯಾಲೆ!"

ದೇಚಮ್ಮ ಚಹಾ ಕುಡಿಯಲು ಹೋದರು.

ಫಕ್ಕೀರೇಶ ಯೋಚಿಸಿದ. ತಾನು ಎಲ್ಲಿ ಹಿಂದೆ ಬೀಳುತ್ತಿದ್ದೇನೆ? ಮೇಡಂ ಜಗ್ಗಿದ್ದು ತನಗೆ ಬೇಗ ತಿಳಿಯುತ್ತಿಲ್ಲ. ಯಾಕೆ ತಿಳಿಯುತ್ತಿಲ್ಲ? ಹಿಡಿಯಲು ಅವರಿಗೆ ಬಟ್ಟೆ ಸಾಲುತ್ತಿಲ್ಲ!

ನೇರ ದರ್ಜಿಯ ಹತ್ತಿರ ಹೋದ. ಮುಂದೆ ಅಂಗಿ, ಹಿಂದೆ ಹೆಚ್ಚು ಕಡಿಮೆ ಧೋತರ ಎನ್ನುವ ಹಾಗೆ ಒಂದನ್ನು ಹೊಲಿಯಲು ಹೇಳಿದ. ನೀಲಿ ಚೌಕಳಿ ಬಟ್ಟೆ.

ದರ್ಜಿ ಟೇಪು ಹಿಡಿದು ನಿಂತ. "ಯಾರ ಅಳತಿ ಇದು?"

"ನಂದ."

"ಹಿಂದಿಂದು?"

"ಅದು ನಮ್ಮ ಗುರುಗಳದು."

ಮರುದಿನ ದೇಚಮ್ಮ ಆ ಅಂಗಿಯನ್ನು ಸುತ್ತು ಹಾಕಿ ನೋಡಿದರು.

"ಇಷ್ಟುದ್ದ ಯಾಕಪ್ಪ?"

"ನಿಮ್ಮ ಕೈಗೆ ಚಂದಂಗ ಸಿಗಲಿ ಅಂತರೀ."

"ಹ್ಞೂಂ. ಹಾರುವಾಗ ಒಳಗೆ ಸೇರಿಸಿ ಕೂತುಕೋ. ತುದಿ ಒಂದಿಷ್ಟು ಹೊರಗಿದ್ದರೆ ಸಾಕು."

ಸೇರಿಸಿದ. ಆದರೆ ಅಂಥ ಬಾಲವನ್ನು ಸೇರಿಸಲು ಇನ್ನೊಂದು ಪ್ಯಾಂಟು ಬೇಕಿತ್ತು.

ಹಾರಿದರು. ಹೊಳೆಯ ಮೇಲೊಂದು ಸುತ್ತು, ಗುಡ್ಡದ ಕಡೆಗೊಂದು ಸುತ್ತು. ಬೇಸಿಗೆಯ ದಿನ, ಹೊಳೆ ಸಣ್ಣಗಾಗಿ ಉಸುಕು ತೆರೆದುಕೊಂಡಿತ್ತು. ಉಸುಕಿನಲ್ಲಿ ಹುಲಿಗೆವ್ವ ಎಂಬಾಕೆಯ ಕಲ್ಲಂಗಡಿ ತೋಟ. ಅದರ ಪಕ್ಕಕ್ಕೇ ಇಳಿಯುವ ಬಯಲು.

ಫಕ್ಕೀರೇಶ ವಿಮಾನ ಇಳಿಸತೊಡಗಿದ. ಬಯಲು ಎದುರಿಗೆ ಬಂತು. ಕೈ ನೆಟ್ಟಗಿತ್ತು, ಉಸಿರು ನೆಟ್ಟಗಿತ್ತು.

ಆಗ ಅಂಗಿ ಜಗ್ಗಿತು. ಪಟ್. ಪಟ್.

ಎರಡು ಸಲ. ಸ್ಪಷ್ಟ. ಹೊಸ ಅಂಗಿಯ ಮಹಿಮೆ!

ಫಕ್ಕೀರೇಶ ಸರಳು ಬಿಟ್ಟು ಕೈಗಳನ್ನು ಒಳ್ಳೆಯ ಹುಡುಗನ ಹಾಗೆ ಮೊಣಕಾಲ ಮೇಲಿಟ್ಟುಕೊಂಡ.

ವಿಮಾನ ಬೆಣ್ಣೆಯಲ್ಲಿ ಜಾರಿದಂತೆ ಇಳಿಯುತ್ತಿತ್ತು. ಎಂಥಾ ಕೈ ಮೇಡಂದು, ಎಂದುಕೊಂಡ. ಇಷ್ಟು ವರ್ಷ ಕಲಿತರೂ ನನಗೆ ಹೀಗೆ ಬರಲಿಕ್ಕಿಲ್ಲ.

ಹುಲ್ಲು ಹತ್ತಿರ ಬಂತು. ಈಗ ಸರಳು ಮೆತ್ತಗೆ ಮುಂದಕ್ಕೆ ತಳ್ಳಬೇಕು, ಮೂಗು ಎತ್ತಬೇಕು. ಈಗ ತಳ್ಳುತ್ತಾರೆ, ಎಂದುಕೊಂಡ.

ಹುಲ್ಲಿನ ಎಸಳು ಎಸಳು ಕಾಣತೊಡಗಿತು. ಈಗ.

ಒಂದು ಮಿಡತೆ ಕಂಡಿತು. ಅದೂ ತಲೆಯೆತ್ತಿ ಕಾಯುತ್ತಿತ್ತು.

ಹಿಂದಿನಿಂದ ಕೂಗು ಬಂತು. "ತಳ್ಳೋ!"

ಧಡ್ ಎಂದಿತು. ವಿಮಾನ ಚೆಂಡಿನ ಹಾಗೆ ಪುಟಿಯಿತು, ಮತ್ತೆ ಬಿತ್ತು, ಮುಂದಿನ ಗಾಲಿ ಮಡಚಿಕೊಂಡಿತು. ದೇಚಮ್ಮ ಎಂಜಿನ್ ಆರಿಸಿದರು. ಮೂಗಿನ ಮೇಲೆ ಜಾರುತ್ತ, ಬಯಲು ಬಿಟ್ಟು, ಉಸುಕಿಗಿಳಿದು, ಕಲ್ಲಂಗಡಿ ಬಳ್ಳಿಗಳನ್ನೆಲ್ಲ ಕೊರಳಿಗೆ ಹಾಕಿಕೊಂಡು ವಿಮಾನ ನಿಂತಿತು.



ಫಕ್ಕೀರೇಶ ಕಣ್ಣು ಬಿಟ್ಟ. ಎದೆಯೆಲ್ಲ ಕೆಂಪು. ತೊಡೆಯೆಲ್ಲ ಕೆಂಪು. ಹುಬ್ಬಿನಿಂದ ಕೆಂಪು ತೊಟ್ಟಿಕ್ಕುತ್ತಿತ್ತು.

"ಮೇಡಂ," ಎಂದ ಕ್ಷೀಣವಾಗಿ. "ನಾ ಹೋದೆ. ನಮ್ಮ ಶಾಂಭವಿಗೆ ಹೇಳ್ರಿ."

"ಏನಂತ?"

"ಕಪಾಟಿನ ಕೀಲಿ ದೇವರ ಗೂಡಿನಾಗ ಐತಿ ಅಂತ."

"ನೆಕ್ಕಿ ನೋಡು."

"ಆಂ?"

"ನೆಕ್ಕೋ ಮಾರಾಯ."

ನೆಕ್ಕಿದ. "ಸಿಹಿ ಐತ್ರೀ."

"ಬೀಜ ಇದೆಯಾ?"

"ಐತ್ರೀ."

"ಹಾಗಾದರೆ ಕೆಳಗಿಳಿ."

ಅಷ್ಟರಲ್ಲಿ ಹುಲಿಗೆವ್ವ ಬಡಿಗೆ ಹಿಡಿದು ಓಡಿ ಬಂದಳು. ಅವಳ ಹಿಂದೆ ಎಂಟು ನಾಯಿ ಬಂದವು ಎನ್ನುವವರಿದ್ದಾರೆ. ಒಂದು ನಾಯಿ ಸಾಕು ಈ ಕಥೆಗೆ.

"ಯಪ್ಪಾ, ಇಷ್ಟ ದೊಡ್ಡ ಆಕಾಶ ಸಾಲಲಿಲ್ಲೇನು ನಿಮಗ? ನನ್ನ ಬಳ್ಳಿನ ಬೇಕಾತೇನು? ನರಿ ಬರ್ತಾವಂತ ಬೆದರುಗೊಂಬಿ ನಿಲ್ಸಿದ್ದೆ. ಮ್ಯಾಲಿಂದ ಬರ್ತೀರಂತ ಯಾರಿಗೆ ಗೊತ್ತಿತ್ತು?"

"ತಪ್ಪಾತಬೇ," ಎಂದ ಫಕ್ಕೀರೇಶ, ಮುಖದ ಮೇಲಿನ ಬೀಜ ಒರೆಸುತ್ತ.

"ಯಾರು ಓಡಸಾಕತ್ತಿದ್ರಿ?"

ಫಕ್ಕೀರೇಶ ಹಿಂದಿನ ಕುರ್ಚಿ ತೋರಿಸಿದ.

ದೇಚಮ್ಮ ಮುಂದಿನ ಕುರ್ಚಿ ತೋರಿಸಿದರು.

ಹುಲಿಗೆವ್ವ ಇಬ್ಬರನ್ನೂ ನೋಡಿದಳು. "ಹಂಗಾರ ಯಾರೂ ಇರಲಿಲ್ಲ ಅನ್ರಿ."

"ನೀವು ಎರಡ ಸಲ ಜಗ್ಗಿದ್ರಲ್ರೀ ಮೇಡಂ!"

"ನಾನು ಮುಟ್ಟಿಲ್ಲ. ಇವತ್ತು ನಿನ್ನ ಕೈ ಎಷ್ಟು ಹಗುರಾಗಿದೆ ಎಂದು ಖುಷಿ ಪಡುತ್ತಿದ್ದೆ."

"ಕೈ ಇರಲೇ ಇಲ್ಲರೀ!"

"ಈಗ ತಿಳಿಯಿತು."

ಮೂವರೂ ವಿಮಾನದ ಕಡೆ ತಿರುಗಿದರು. ಫಕ್ಕೀರೇಶನ ಬಾಲ ಇನ್ನೂ ವಿಮಾನದಲ್ಲೇ ಇತ್ತು. ಅದರ ತುದಿ ಹಿಂದಿನ ಕುರ್ಚಿಯ ಬೆಲ್ಟಿನ ಕೊಂಡಿಗೆ ಸಿಕ್ಕಿಕೊಂಡು, ಅವನು ಅದಕ್ಕೆ ಕಟ್ಟಿದ ಕರುವಿನ ಹಾಗೆ ನಿಂತಿದ್ದ. ಹೊಳೆಯ ಕಡೆಯಿಂದ ಗಾಳಿ ಬೀಸಿತು. ಬಟ್ಟೆ ಉಬ್ಬಿ ಬಡಿಯಿತು.

ಪಟ್. ಪಟ್.

ಫಕ್ಕೀರೇಶನ ಬೆನ್ನು ಎರಡು ಸಲ ಜಗ್ಗಿತು.

ದೇಚಮ್ಮ ನಕ್ಕರು. ಹೊಟ್ಟೆ ಹಿಡಿದುಕೊಂಡು, ಉಸುಕಿನ ಮೇಲೆ ಕೂತು ನಕ್ಕರು. ಹೊಳೆಯೊಳಗಿನ ಬೆಳ್ಳಕ್ಕಿಗಳು ಎದ್ದು ಆಚೆ ದಂಡೆಗೆ ಹೋದವು.

ಫಕ್ಕೀರೇಶ ನಗಲಿಲ್ಲ. ಅವನ ಕಣ್ಣು ಗೋಡೆಯ ಮೇಲಿನ ಬಾಲಗಳನ್ನು ನೆನೆದು ತುಂಬಿತ್ತು.

"ನಾ ಇನ್ನ ಬರೂದಿಲ್ರೀ ಮೇಡಂ. ಎಮ್ಮಿ ಕಾಯಾಕ ಸೈತ ನಾ ಲಾಯಕ್ಕಿಲ್ಲ."

"ಅದನ್ನು ಎಮ್ಮೆ ಹೇಳಬೇಕು." ದೇಚಮ್ಮ ಕಣ್ಣು ಒರೆಸಿಕೊಂಡರು. "ತಪ್ಪು ನನ್ನದೂ ಇದೆ. ಇನ್ನು ಮೇಲೆ ನಾನು ಸರಳು ತೆಗೆದುಕೊಂಡರೆ ಬಾಯಿ ಬಿಟ್ಟು ಕೂಗುತ್ತೇನೆ. ಕೂಗು ಕೇಳುವ ತನಕ ಬಿಡಬೇಡ."

"ಇನ್ನ ಮ್ಯಾಲಾ? ಅಂದ್ರ ನನ್ನ ಹೊರಗ ಹಾಕೂದಿಲ್ಲೇನ್ರೀ?"

"ಹೊರಗೆ ನೀನೇ ಬಂದು ಬಿದ್ದಿದ್ದೀಯಲ್ಲ."

ಹುಲಿಗೆವ್ವ ಬಡಿಗೆಯನ್ನು ಉಸುಕಿಗೆ ಊರಿದಳು. "ನೀವು ನೀವು ನಕ್ಕೋತ ಕುಂತ್ರ ನನ್ನ ಹಣ್ಣಿನ ಗತಿ ಏನು?"

"ನಿನಗೇನು ಬೇಕು?" ಎಂದರು ದೇಚಮ್ಮ.

ಹುಲಿಗೆವ್ವ ಒಡೆದ ಹಣ್ಣುಗಳನ್ನು ನೋಡಿದಳು. ಫಕ್ಕೀರೇಶನನ್ನು ನೋಡಿದಳು. "ಇಂವಾ ಡ್ರೈವಿಂಗ್ ಮಾಸ್ತರ ಅಲ್ಲೇನು? ಮನಿ ಮುಂದ ನಮ್ಮ ಸಣ್ಣ ಟೆಂಪೋ ಸುಮ್ಮನ ನಿಂತೈತಿ. ಓಡಸೂದು ಕಲಸಲಿ. ಸಂತಿಗೆ ಹಣ್ಣು ಒಯ್ಯಾಕ ಕಂಡಕಂಡವರ ಗದ್ದ ಹಿಡಿಯೂದು ತಪ್ಪತೈತಿ."

"ಕಲಿಸುತ್ತಾನೆ," ಎಂದರು ದೇಚಮ್ಮ. "ಅವನದೇ ಕಾರಿನಲ್ಲಿ. ಆದರೆ ಒಂದು ಷರತ್ತು. ಕಲಿಸುವಾಗ ಅವನು ಚಕ್ಕಳಮಕ್ಕಳ ಹಾಕಿ ಕೂರಬೇಕು."

ಫಕ್ಕೀರೇಶ ಗಾಬರಿಯಾದ. "ಮೇಡಂ, ನನ್ನ ಕಡಿ ಕಾಲ ಕೆಳಗೂ ಒಂದು ಬ್ರೇಕ್ ಐತ್ರೀ. ಕಲಸಾವರಿಗೆ ಅಂತನ ಹಾಕ್ಸಿದ್ದು."

"ಅದಕ್ಕೇ."

ವಿಮಾನದ ಗಾಲಿ ರಿಪೇರಿಗೆ ಹೋಯಿತು. ಫಕ್ಕೀರೇಶ ಉಸುಕಿನ ಬಯಲಿಗೆ ಕಾರು ತಂದ. ಅಲ್ಲಿ ಗುದ್ದಲು ಗಿಡವಿಲ್ಲ, ಮನುಷ್ಯರಿಲ್ಲ. ಹೊಳೆಯೊಂದು ಮಾತ್ರ ಇತ್ತು.

ಹುಲಿಗೆವ್ವ ಸೀರೆ ಎತ್ತಿ ಕಟ್ಟಿ ಕೂತಳು. ಫಕ್ಕೀರೇಶ ಪಕ್ಕದಲ್ಲಿ ಕಾಲು ಮಡಚಿ, ಯಾವುದೋ ಮಠದ ಸ್ವಾಮಿಯ ಹಾಗೆ ಕೂತ.

ಮಡಚಿದ ಮೇಲೆ ಕೆಳಗೆ ನೋಡಿದ. ಅಷ್ಟು ವರ್ಷದಲ್ಲಿ ಅಲ್ಲಿ ನೋಡಿರಲೇ ಇಲ್ಲ.

ಅವನ ಕಡೆಯ ಬ್ರೇಕಿನ ರಬ್ಬರು ಸವೆದು ಸವೆದು ಒಳಗಿನ ಕಬ್ಬಿಣ ಹೊಳೆಯುತ್ತಿತ್ತು. ಕಲಿಯುವವರ ಕಡೆಯ ರಬ್ಬರಿನ ಗೆರೆಗಳು ಅಂಗಡಿಯಿಂದ ಬಂದ ದಿನದ ಹಾಗೇ ಇದ್ದವು.

"ಏನ ನೋಡ್ತೀ ಮಾಸ್ತರ? ಹೋಗೂಣೇನು?"

"ಹೋಗೂಣ."

ಹೋದರು. ಮೊದಲು ನಿಂತು ನಿಂತು. ಆಮೇಲೆ ನಿಲ್ಲದೆ. ಹುಲಿಗೆವ್ವನಿಗೆ ವೇಗ ರುಚಿಸಿತು. ಸೆರಗು ಕಿಟಕಿಯ ಹೊರಗೆ ಹಾರಾಡಿತು. ಎದುರಿಗೆ ಹೊಳೆ ಬಂತು.

"ಯವ್ವಾ, ಹೊಳಿ."

"ಕಾಣತೈತಿ."

"ಹೊಳಿ ಹತ್ರ ಬಂತಬೇ!"

"ಬರ್ಲಿ. ನೀ ಅದಿ ಅಲ್ಲ?"

ಫಕ್ಕೀರೇಶನ ಬಲಗಾಲು ಬಿಲದೊಳಗಿನ ಇಲಿಯ ಹಾಗೆ ಹೊರಬರಲು ಒದ್ದಾಡಿತು. ಎರಡೂ ಕೈಯಿಂದ ಹೆಬ್ಬೆರಳು ಹಿಡಿದುಕೊಂಡ. ಮನೆದೇವರ ಹೆಸರು ಹೇಳಿದ. ಅದು ಮುಗಿದ ಮೇಲೆ ಹೆಂಡತಿಯ ಮನೆದೇವರ ಹೆಸರು ಹೇಳಿದ.

ಹುಲಿಗೆವ್ವ ಒಮ್ಮೆ ಪಕ್ಕಕ್ಕೆ ತಿರುಗಿ ಅವನ ಮಡಚಿದ ಕಾಲು ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು.

ಕಾರು ಕಿರ್ ಎಂದು ನಿಂತಿತು. ಮುಂದಿನ ಗಾಲಿಗಳನ್ನು ನೀರು ಬಂದು ಮುಟ್ಟಿ ಹೋಯಿತು.

ಇಬ್ಬರೂ ಸ್ವಲ್ಪ ಹೊತ್ತು ಏದುಸಿರು ಬಿಟ್ಟರು.

"ಯಾಕ ನಿಲ್ಲಿಸಿದಿ?" ಎಂದ ಫಕ್ಕೀರೇಶ, ಧ್ವನಿ ಬಂದ ಮೇಲೆ.

"ನಿನ್ನ ಮಾರಿಗಿಷ್ಟು! ನೀ ದೇವರ ಪಟದಂಗ ಕಾಲ ಮಡಚಿ ಕುಂತೀ. ನಾನೂ ಒತ್ತದಿದ್ರ ಇನ್ಯಾರು ಒತ್ತಬೇಕೋ? ಜೀವ ನಂದಲ್ಲೇನು?"

ಫಕ್ಕೀರೇಶ ಬಗ್ಗಿ ಕೆಳಗಿನ ಎರಡೂ ಬ್ರೇಕುಗಳನ್ನು ಮತ್ತೊಮ್ಮೆ ನೋಡಿದ. ಆಮೇಲೆ ನಗತೊಡಗಿದ. ಬಿದ್ದ ದಿನ ನಗಬೇಕಾಗಿದ್ದ ನಗೆಯೂ ಅದರೊಳಗೆ ಸೇರಿಕೊಂಡು ಬಂತು. ಹುಲಿಗೆವ್ವ ಮೊದಲು ಬೈದಳು, ಆಮೇಲೆ ತಾನೂ ನಕ್ಕಳು. ಕಾಲುಗಳನ್ನು ನೀರಿಗಿಳಿಸಿ ಕೂತು ಇಬ್ಬರೂ ಒಂದು ಹಣ್ಣು ತಿಂದರು.

ಗಾಲಿ ರಿಪೇರಿಯಾಗಿ ಬಂತು.

ಫಕ್ಕೀರೇಶ ಅದೇ ನೀಲಿ ಚೌಕಳಿ ಅಂಗಿ ತೊಟ್ಟು ಬಂದ. ಶಾಂಭವಿ ಕಲೆ ತೆಗೆಯಲು ತಿಕ್ಕಿ ತಿಕ್ಕಿ ಸೋತಿದ್ದಳು. ಎದೆಯ ಮೇಲೆ ಇನ್ನೂ ಗುಲಾಬಿ ಬಣ್ಣದ ನಕಾಶೆಯೊಂದು ಉಳಿದಿತ್ತು. ಈ ಸಲ ಬಾಲವನ್ನು ಪೂರ್ತಿ ಒಳಗೆ ಸೇರಿಸಿದ. ಒಂದು ಬದಿಗೆ ಮಡಿಕೆ ಮಡಿಕೆಯಾಗಿ ಉಬ್ಬಿತು.

"ಬಗ್ಗು," ಎಂದರು ದೇಚಮ್ಮ. "ಹಿಂದೆ ಸರಿ ಮಾಡುತ್ತೇನೆ. ಮೊದಲಿನ ಹಾಗೆ ಎಲ್ಲಿಯಾದರೂ ಸಿಕ್ಕಿಕೊಂಡೀತು."

ಬಗ್ಗಿದ. ಎಂಜಿನ್ ಗುರ್ ಎನ್ನುತ್ತಿತ್ತು. ಅವರು ಹಿಂದೆ ಏನೋ ಎಳೆದರು, ಏನೋ ಒತ್ತಿದರು.

ದೂರದಲ್ಲಿ ಟೆಂಪೋಗೆ ಒರಗಿ ನಿಂತಿದ್ದ ಹುಲಿಗೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಲುಕುಲು ನಕ್ಕಳು. ನನ್ನ ಹೆಲ್ಮೆಟ್ ನೋಡಿ ನಗುತ್ತಾಳೆ, ಎಂದುಕೊಂಡ ಫಕ್ಕೀರೇಶ. ನಗಲಿ.

ಹಾರಿದರು.

ಆ ಬೆಳಗು ಎಂಥದ್ದೆಂದರೆ, ಹೊಳೆ ಯಾರೋ ಒಗೆದು ಒಣಗಲು ಹಾಸಿದ ಸೀರೆಯ ಹಾಗೆ ಬಿದ್ದಿತ್ತು. ಕಲ್ಲಂಗಡಿ ಬಳ್ಳಿಗಳು ಮತ್ತೆ ಚಿಗುರಿದ್ದವು. ಹದ್ದೊಂದು ಪಕ್ಕಕ್ಕೆ ಬಂದು, ಫಕ್ಕೀರೇಶನನ್ನು ಗುರುತಿಸಿ, ತುಸು ದೂರ ಸರಿದು ಹಾರಿತು. ಅವನು ಅದಕ್ಕೆ ನಮಸ್ಕಾರ ಹೇಳಿದ.

ಹಿಂದಿನಿಂದ ಒಂದು ಸದ್ದಿಲ್ಲ. ಎಡಕ್ಕೆ ಜಗ್ಗಲಿಲ್ಲ, ಬಲಕ್ಕೆ ಜಗ್ಗಲಿಲ್ಲ. ಅವನು ತಾನೇ ತಿರುಗಿದ, ತಾನೇ ಇಳಿಸತೊಡಗಿದ.

ಬಯಲು ಎದುರಿಗೆ ಬಂತು. ಹುಲ್ಲು ಹತ್ತಿರವಾಯಿತು.

ಪಟ್. ಪಟ್.

ಬೆನ್ನಿನ ಮೇಲೆ. ಎರಡು ಸಲ. ಸ್ಪಷ್ಟ.

ಬೆರಳುಗಳು ತಾವಾಗಿ ಸಡಿಲಿದವು. ಅಂಗೈಗೂ ಸರಳಿಗೂ ನಡುವೆ ಗಾಳಿ ನುಸುಳಿತು. ಅಷ್ಟರಲ್ಲಿ, ಯಾಕೋ ಏನೋ, ಸವೆದು ಹೊಳೆಯುವ ಒಂದು ಬ್ರೇಕು ಅವನ ಕಣ್ಣಮುಂದೆ ಬಂತು.

"ಮೇಡಂ! ತಗೊಂಡ್ರೇನ್ರೀ?"

ಕಿವಿಯನ್ನು ಹಿಂದಕ್ಕೆ ಕೊಟ್ಟ.

"ಹೇಳ್ರಿ ಬಾಯಿ ಬಿಟ್ಟ!"

ಎಂಜಿನ್ನಿನ ಸದ್ದು. ಗಾಳಿಯ ಸದ್ದು. ಮತ್ತೇನಿಲ್ಲ.

"ಹಂಗಾರ ನನ್ನ ಕೈಯಾಗ ಐತಿ!" ಎಂದು ಹೊಳೆಗೆ, ಹದ್ದಿಗೆ, ಹುಲಿಗೆವ್ವನಿಗೆ ಎಲ್ಲರಿಗೂ ಕೇಳುವ ಹಾಗೆ ಕೂಗಿದ. ಸರಳು ಹಿಡಿದ. ಮೆತ್ತಗೆ, ಮಲಗಿದ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ, ಮುಂದಕ್ಕೆ ತಳ್ಳಿದ.

ನೆಲ ಮುಟ್ಟಿದ್ದು ಗಾಲಿಗಳಿಗೇ ತಿಳಿಯಲಿಲ್ಲ ಎಂದು ಊರಲ್ಲಿ ಹೇಳುತ್ತಾರೆ. ಅದು ಸ್ವಲ್ಪ ಹೆಚ್ಚಾಯಿತು. ಒಂದು ಸಲ ಕುಪ್ಪಳಿಸಿತು. ಆದರೆ ಕುಣಿಯುವ ಕರು ಕುಪ್ಪಳಿಸಿದ ಹಾಗೆ.

ವಿಮಾನ ಓಡಿ ಓಡಿ ನಿಂತಿತು. ಫಕ್ಕೀರೇಶ ಹೆಲ್ಮೆಟ್ ಕಿತ್ತು ಹಿಂದಕ್ಕೆ ತಿರುಗಿದ. ಮುಖ ಕಲ್ಲಂಗಡಿಯ ಹಾಗೆ ಕೆಂಪಾಗಿತ್ತು.

"ಎರಡ ಸಲ ಜಗ್ಗಿದ್ರಿ! ನಾ ಬಿಡಲಿಲ್ಲ ನೋಡ್ರಿ!"

"ನಾನು ಜಗ್ಗಲಿಲ್ಲ."

"ಹಂಗಾರ ಮತ್ತ ಅದ ಗಾಳಿನ. ಆ ಬಾಲ..."

ದೇಚಮ್ಮ ಜೇಬಿಗೆ ಕೈ ಹಾಕಿ ಮಡಚಿದ ಬಟ್ಟೆಯೊಂದನ್ನು ತೆಗೆದರು. ನೀಲಿ ಚೌಕಳಿ.

ಫಕ್ಕೀರೇಶ ಬೆನ್ನ ಹಿಂದೆ ಕೈ ಆಡಿಸಿದ. ಅಂಗಿ ಸೊಂಟಕ್ಕೇ ಮುಗಿದಿತ್ತು.

"ಹಾರೂದಕ್ಕ ಮೊದಲ ಕತ್ತರಿಸ್ಯಾರೋ ಮಾಸ್ತರ!" ಎಂದು ಹುಲಿಗೆವ್ವ ಅಲ್ಲಿಂದಲೇ ಕೂಗಿದಳು. "ನಾ ಕಣ್ಣಾರೆ ನೋಡೀನಿ! ನೀ ಬಗ್ಗಿ ನಿಂತಿದ್ದಿ!"

ಫಕ್ಕೀರೇಶ ಗುರುಗಳ ಕೈಯಲ್ಲಿದ್ದ ಬಟ್ಟೆ ನೋಡಿದ. ಖಾಲಿ ಬೆನ್ನು ಮತ್ತೆ ಮುಟ್ಟಿ ನೋಡಿಕೊಂಡ.

"ಮೇಡಂ, ಇದನ್ನ ಒಬ್ಬನ ಹಾರಿ ಬಂದ ಮ್ಯಾಲಲ್ರೀ ಕತ್ತರಸೂದು?"

ದೇಚಮ್ಮ ತಮ್ಮ ಬೆಲ್ಟು ಬಿಚ್ಚತೊಡಗಿದರು.

"ನೀವು ಜಗ್ಗಿಲ್ಲ. ಗಾಳಿಗೆ ಹಿಡಿಯಾಕ ಏನೂ ಇದ್ದಿಲ್ಲ." ಅವನ ಧ್ವನಿ ತಗ್ಗಿತು. "ಹಂಗಾರ ನನ್ನ ಜಗ್ಗಿದಂವ ಯಾರ್ರೀ?"

ದೇಚಮ್ಮ ಹಿಂದಿನ ಕುರ್ಚಿಯಿಂದ ಇಳಿದರು. ಖಾಲಿ ಕುರ್ಚಿಯ ಮೇಲೆ ಬೆಲ್ಟು ಎಳೆದು, ಕೊಂಡಿ ಬಿಗಿಯಾಗಿ ಹಾಕಿದರು. ಅಂಗಿಯ ಬಾಲವನ್ನು ಹೆಗಲ ಮೇಲೆ ಹಾಕಿಕೊಂಡು ವಿಮಾನದಿಂದ ದೂರ ಸರಿದು ನಿಂತರು.

"ದಿನಾ ನಿನ್ನ ಬೆನ್ನಿಗೆ ಕೂತು ಬರುತ್ತಿದ್ದವನು. ಅವನೂ ಈಗ ನನ್ನ ಜೊತೆ ಇಳಿದ," ಎಂದರು. "ಇನ್ನು ನೀನೊಬ್ಬನೇ ಹೋಗಿ ಬಾ."